ನಾಲ್ಕನೇ ಮಹಡಿಯ ದನಿ

ಲಿಫ್ಟು ಮೇಲೆ ಬರುವ ಸದ್ದು ಕೇಳಿದ್ದೇ ಅವನು ಮೆಟ್ಟಿಲ ಕಡೆಗೆ ತಿರುಗಿದ. ಅಭ್ಯಾಸಬಲದಿಂದ ಗುಂಡಿ ಒತ್ತಿದವನೂ ಅವನೇ, ಈಗ ತಪ್ಪಿಸಿಕೊಳ್ಳಲು ನೋಡುತ್ತಿದ್ದವನೂ ಅವನೇ. ಅಷ್ಟರಲ್ಲಿ ಬಾಗಿಲು ಸರಿದು, ಖಾಲಿ ಪೆಟ್ಟಿಗೆಯೊಳಗಿಂದ ಅವನ ಹೆಂಡತಿ, “ನಾಲ್ಕು. ಬಂದ್ರಾ?” ಎಂದು ಕೇಳಿದಳು. ಹೆಂಡತಿ ಆ ಹೊತ್ತಿಗೆ ಅವನ ಬೆನ್ನ ಹಿಂದೆ, ಮುಚ್ಚಿದ ಬಾಗಿಲಿನಾಚೆ, ಸಿಂಕಿನಲ್ಲಿ ಕುಕ್ಕರು ತಿಕ್ಕುತ್ತಿದ್ದಳು. ಅದರ ಕರಕರ ಸದ್ದು ಹೊರಗೂ ಕೇಳುತ್ತಿತ್ತು. ಇಬ್ಬರು ಹೆಂಡಿರ ನಡುವೆ ಸಿಕ್ಕಿಬಿದ್ದವನ ಹಾಗೆ ಅವನು ಒಂದು ಕ್ಷಣ ನಿಂತ. ಹಿಂದಿನವಳು ಇವತ್ತು ಅವನೊಡನೆ ಆಡಿದ್ದು ಒಂದೇ ಮಾತು, ಕೊಡೆ ಎಲ್ಲಿ ಬಿಟ್ಟು ಬಂದ್ರಿ ಎಂದು. ಮುಂದಿನವಳ ದನಿಯಲ್ಲಿ ಏನೋ ಒಂದು ಇತ್ತು, ದಣಿವಿನೊಳಗೆ ಅಡಗಿಸಿಟ್ಟ ಬೆಲ್ಲದ ಚೂರಿನಂಥದ್ದು. ಅದನ್ನು ಅವಳು ಲಿಫ್ಟಿಗೆ ಕೊಟ್ಟಿದ್ದಳು. ಲಿಫ್ಟು ಅದನ್ನು ಗ್ಯಾಸ್ ತರುವವನಿಗೂ ಕೊರಿಯರಿನವನಿಗೂ ತಪ್ಪಿ ನಾಲ್ಕು ಒತ್ತಿದವರಿಗೂ ಹಂಚುತ್ತಿತ್ತು. ಬಾಗಿಲು ತಾನಾಗಿ ಮುಚ್ಚಿಕೊಂಡಿತು. ಅವನು ಮಂಡಿ ಹಿಡಿದುಕೊಂಡು ಮೆಟ್ಟಿಲಿಳಿದ.

ಇದನ್ನೆಲ್ಲ ತಂದುಹಾಕಿದ್ದು ತಾನೇ ಎಂಬುದು ಮೂರನೇ ಮಹಡಿಯ ತಿರುವಿನಲ್ಲಿ ಅವನಿಗೆ ಮತ್ತೆ ನೆನಪಾಯಿತು. ಎಳೆಯ ಕಲಾವಿದರಿಗೆ ಸಂಬಳದ ಕೆಲಸ ಹುಡುಕಿಕೊಡುವುದು ಅವನ ಕಚೇರಿಯ ಕೆಲಸ. ಬರೀ ಕೆಲಸ ಸಾಲದು, ಅದರಿಂದ ನಾಲ್ಕು ಜನಕ್ಕೆ ಒಳ್ಳೆಯದಾಗಬೇಕು. ಚಿತ್ರ ಬರೆಯುವವನೊಬ್ಬನಿಗೆ ಬಸ್ ನಿಲ್ದಾಣದ ಬೆಂಚುಗಳು, ಬೊಂಬೆಯಾಡಿಸುವವಳಿಗೆ ಹಲ್ಲಿನ ಆಸ್ಪತ್ರೆಯಲ್ಲಿ ಅಳುವ ಮಕ್ಕಳು, ಕುಣಿಯುವ ಜೋಡಿಯೊಂದಕ್ಕೆ ವೃದ್ಧರ ವ್ಯಾಯಾಮದ ತರಗತಿ, ಹೀಗೆ ಯಾರನ್ನು ಯಾರಿಗೆ ಗಂಟುಹಾಕಬೇಕೆಂದು ಯೋಚಿಸುತ್ತ ಅವನ ತಲೆಗೂದಲು ತೆಳ್ಳಗಾಗಿತ್ತು. ಸದ್ದುಗಳನ್ನು ಮೈಕಿನಲ್ಲಿ ಹಿಡಿಯುವ ಹುಡುಗಿಯೊಬ್ಬಳು ಬಂದು, ತಾನು ಕಿವುಡರ ಯಂತ್ರ ಮಾರುವ ಅಂಗಡಿಯಲ್ಲಿ ಕೆಲಸ ಮಾಡುತ್ತೇನೆ, ಆದರೆ ತನ್ನ ಕಲೆ ಬೇರೆ, ಸರ್ ನೀವು ಈಗ ಉಗುಳು ನುಂಗಿದ್ದು ಎಷ್ಟು ಚೆನ್ನಾಗಿತ್ತು ಗೊತ್ತಾ ಎಂದಾಗ, ಇವಳನ್ನು ಎಲ್ಲಿಗೆ ಸೇರಿಸುವುದೆಂದು ತೋಚದೆ ಅವನು ಮೂರು ಸಲ ಟೀ ತರಿಸಿದ್ದ. ಕೊನೆಗೆ ಹೊಳೆದದ್ದು ತನ್ನದೇ ಕಟ್ಟಡದ ಲಿಫ್ಟು. ಎಂಟು ಮಹಡಿ, ಒಬ್ಬರ ಮುಖ ಒಬ್ಬರು ನೋಡದ ಮನೆಗಳು, ಲಿಫ್ಟಿನಲ್ಲಿ ಎಲ್ಲರೂ ತಂತಮ್ಮ ಚಪ್ಪಲಿ ನೋಡಿಕೊಳ್ಳುವ ಜನ. ಪ್ರತಿ ಮಹಡಿಗೂ ಅಲ್ಲಿನವರದೇ ದನಿ ಇಟ್ಟರೆ ಹೇಗೆ ಎಂದು ಹುಡುಗಿ ಕೇಳಿದಳು. ಅವಳಿಗಿಂತ ಮೊದಲು ಅವನು ಕುರ್ಚಿಯಿಂದ ಎದ್ದಿದ್ದ.

ಏಕೆ ಎದ್ದನೆಂಬುದು ಈಗ ಯೋಚಿಸಿದರೆ ನಾಚಿಕೆಯಾಗುತ್ತದೆ. ನಾಲ್ಕನೇ ಮಹಡಿಯ ದನಿ ಯಾರದ್ದಾಗಬೇಕೆಂಬ ಬಗ್ಗೆ ಅವನಿಗೆ ಎಳ್ಳಷ್ಟೂ ಅನುಮಾನವಿರಲಿಲ್ಲ. ಕಾಲೇಜಿನ ಸಭೆಗಳಲ್ಲಿ ನಿರೂಪಣೆ ಮಾಡಿ ಬಹುಮಾನದ ಕಪ್ಪು ಗೆದ್ದ ಗಂಟಲು ಅದು. ಈಗಲೂ ಕಚೇರಿಯ ಸಮಾರಂಭಗಳಲ್ಲಿ ಮೈಕು ಅವನ ಕೈಗೇ ಬರುತ್ತಿತ್ತು. ಹುಡುಗಿ ಮಲಗುವ ಕೋಣೆಯಲ್ಲಿ ದಿಂಬುಗಳನ್ನು ಗೋಡೆಗೆ ಒರಗಿಸಿ, ಕಿಟಕಿಗೆ ರಗ್ಗು ಕಟ್ಟಿ, ಅವನನ್ನು ನಡುವೆ ನಿಲ್ಲಿಸಿ ಹೇಳಿಸಿದಳು. ಅವನು ನಾಲ್ಕು ಎಂಬುದನ್ನು ಎಷ್ಟು ಬಗೆಯಲ್ಲಿ ಹೇಳಬಹುದೋ ಅಷ್ಟೂ ಬಗೆಯಲ್ಲಿ ಹೇಳಿದ. ನಡುನಡುವೆ ಬಿಸಿನೀರು ಕುಡಿದ. ಮುಗಿದ ಮೇಲೆ ಹುಡುಗಿ ಹೆಡ್‌ಫೋನು ಕಳಚಿ, ಬಹಳ ಮೆತ್ತಗೆ, “ಸರ್, ನಿಮ್ಮ ದನಿ ತುಂಬ ದೊಡ್ಡದು. ಇದನ್ನ ಕೇಳಿದ್ರೆ ಜನ ಲಿಫ್ಟಲ್ಲಿ ಎದ್ದು ನಿಲ್ತಾರೆ” ಎಂದಳು.

“ಲಿಫ್ಟಲ್ಲಿ ನಿಂತೇ ಇರ್ತಾರಲ್ಲಮ್ಮ.”

“ಇನ್ನೂ ನೆಟ್ಟಗೆ ನಿಲ್ತಾರೆ ಸರ್.”

ಬಾಗಿಲಲ್ಲಿ ನಿಂತಿದ್ದ ಹೆಂಡತಿ ನಕ್ಕಳು. ಸೆರಗನ್ನು ಬಾಯಿಗೆ ಒತ್ತಿಕೊಂಡು ನಕ್ಕಳು, ಆದರೆ ನಕ್ಕಳು. ಮರುದಿನ ಹುಡುಗಿ ಹೆಂಡತಿಯ ದನಿ ಹಿಡಿಯಲು ಬಂದಳಂತೆ. ಅವನು ಆಫೀಸಿನಿಂದ ಬರುವಾಗ ತಂತಿ ಸುತ್ತಿಕೊಂಡು ಹೊರಡುವುದರಲ್ಲಿದ್ದಳು. ತನಗೇನೂ ಬೇಸರವಿಲ್ಲ ಎಂದು ತೋರಿಸಲು ಅವನು ಆ ಸಂಜೆ ಬಹಳ ಹೊತ್ತು ಸೀಟಿ ಹೊಡೆದಿದ್ದ.

ಎರಡನೇ ಮಹಡಿಯಲ್ಲಿ ಲಿಫ್ಟು ನಿಂತು, ಮಾತು ಬಿಟ್ಟಿದ್ದ ಎರಡು ಮನೆಯವರ ದನಿಗಳು ಸೇರಿ “ಎರಡು” ಎಂದದ್ದು ಕೇಳಿತು. ಒಂದು ಮನೆಯವರು ‘ಎರ’ ಎನ್ನುತ್ತಾರೆ, ಇನ್ನೊಂದು ಮನೆಯವರು ‘ಡು’. ಇದರ ಅಭ್ಯಾಸಕ್ಕೆಂದು ಕೂತವರು ಈಗ ಒಬ್ಬರ ಮನೆಯ ಇಸ್ತ್ರಿಪೆಟ್ಟಿಗೆ ಇನ್ನೊಬ್ಬರು ಒಯ್ಯುವವರೆಗೆ ಬಂದಿದ್ದರು. ಐದನೇ ಮಹಡಿಯ ಅಜ್ಜಿ ಗುಂಡಿಯ ಅಂಕಿ ಕಾಣದೆ ಎಷ್ಟೋ ಕಾಲದಿಂದ ಒಬ್ಬಳೇ ಕೆಳಗಿಳಿದಿರಲಿಲ್ಲ. ಈಗ ತನ್ನದೇ ದನಿ “ಐದು, ನಿಧಾನ ಇಳೀರಪ್ಪಾ” ಎನ್ನುವುದನ್ನು ಕೇಳಲೆಂದೇ ದಿನಕ್ಕೆ ಹಲವು ಬಾರಿ ಹತ್ತಿಳಿಯುತ್ತಾಳೆ. ಎಂಟನೇ ಮಹಡಿಯವರು ಹೇಳುವಾಗ ಸೀನಿದ್ದನ್ನೂ ಹುಡುಗಿ ಹಾಗೇ ಬಿಟ್ಟಿದ್ದಳು. ಕೇಳಿದವರೆಲ್ಲ ಚಿರಂಜೀವಿ ಎನ್ನುತ್ತ ಇಳಿಯುತ್ತಾರೆ. ಇಂಥ ಲಿಫ್ಟಿನ ಮೇಲೆ ಒಬ್ಬ ಪಾಪಿ ದೂರು ಕೊಟ್ಟಿದ್ದ. ಆ ಪಾಪಿ ಈಗ ಎರಡನೇ ಮಹಡಿ ದಾಟಿ, ತಾನು ಅಷ್ಟೇನೂ ಕೆಟ್ಟವನಲ್ಲವೆಂದು ತೀರ್ಮಾನಿಸಿದ. ಒಂದನೇ ಮಹಡಿಗೆ ಬರುವಷ್ಟರಲ್ಲಿ ಆ ತೀರ್ಮಾನ ಸಡಿಲವಾಗಿತ್ತು.

ಕೆಳಗೆ ಕಟ್ಟಡದ ಕಾರ್ಯದರ್ಶಿ ಕಾಯುತ್ತಿದ್ದ. ತೂಕ ಮತ್ತು ಅಳತೆಯ ಇಲಾಖೆಯಲ್ಲಿ ಇನ್ಸ್‌ಪೆಕ್ಟರಾಗಿ ನಿವೃತ್ತನಾದವನು, ಆರನೇ ಮಹಡಿಯ ದನಿ. ಲಿಫ್ಟಿನಲ್ಲಿ ತನ್ನ ‘ಆರು’ ಕೇಳಿದಾಗಲೆಲ್ಲ ಜೊತೆಯಲ್ಲಿರುವವರನ್ನು ಒಂದು ಸಲ ನೋಡುತ್ತಾನೆ.

“ಏನ್ ಸಾರ್, ಮೆಟ್ಟಿಲಲ್ಲಿ? ಲಿಫ್ಟ್ ಕೆಟ್ಟಿದ್ಯಾ?”

“ಇಲ್ಲ ಇಲ್ಲ. ವ್ಯಾಯಾಮ.”

“ನಾನೂ ನಿಮ್ಮ ಆಫೀಸಿಗೇ ಬರ್ತಿದೀನಿ. ವಿಚಾರಣೆಗೆ ಕರೆದಿದಾರೆ. ಆ ದೂರು ಕೊಟ್ಟೋನು ಯಾರೋ ಕೈಗೆ ಸಿಗಲಿ ಸಾರ್, ತಕ್ಕಡೀಲಿ ಕೂರಿಸಿ ತೂಗ್ತೀನಿ. ಒಂದು ಗ್ರಾಂ ಮನುಷ್ಯತ್ವ ಇರಲ್ಲ ನೋಡ್ತಿರಿ.”

“ಪಾಪ, ಅವನಿಗೂ ಏನೋ ಕಷ್ಟ ಇರಬಹುದು” ಎಂದ ಅವನು, ರಸ್ತೆ ನೋಡುತ್ತ.

ಕಷ್ಟ ಇದ್ದದ್ದು ಇಷ್ಟೇ. ಒಂದು ಸಂಜೆ ಕೊರಿಯರಿನವನೊಬ್ಬನ ಜೊತೆ ಮೇಲೆ ಹೋಗುತ್ತಿದ್ದಾಗ ಲಿಫ್ಟು “ನಾಲ್ಕು. ಬಂದ್ರಾ?” ಎಂದಿತು. ಆ ಹುಡುಗ ಹಲ್ಲು ಕಿಸಿದು, “ಬಂದೆ ಅಕ್ಕಾ” ಎಂದ. ದಿನಾ ಹೇಳುತ್ತಾನಂತೆ. ಅವನು ತನ್ನ ಮನೆಯ ಬಾಗಿಲು ತೆಗೆದು, ಬೇಕೆಂದೇ ಚಪ್ಪಲಿಯನ್ನು ಸದ್ದಾಗುವಂತೆ ಬಿಟ್ಟು, ಗಂಟಲು ಸರಿಪಡಿಸಿಕೊಂಡು ನಡುಮನೆಯಲ್ಲಿ ನಿಂತ. ಒಳಗಿನಿಂದ ಹೆಂಡತಿ, “ಹಾಲು ತಂದ್ರಾ?” ಎಂದಳು. ಕೊರಿಯರಿನವನಿಗೆ ಬಂದ್ರಾ, ತನಗೆ ಹಾಲು ತಂದ್ರಾ. ರಾತ್ರಿಯೆಲ್ಲ ಅದೊಂದು ಅಕ್ಷರ ಒಳಗೆ ಕಲ್ಲಿನ ಹಾಗೆ ಕೂತಿತ್ತು. ಮರುದಿನ ಊಟದ ಹೊತ್ತಿನಲ್ಲಿ, ಎಲ್ಲರೂ ಡಬ್ಬಿ ಬಿಚ್ಚಿಕೊಂಡಿದ್ದಾಗ, ಅವನು ಸ್ಟೋರ್ ರೂಮಿಗೆ ಹೋಗಿ ಬಾಗಿಲು ಹಾಕಿಕೊಂಡು, ತನ್ನದೇ ಕಚೇರಿಯ ದೂರಿನ ನಂಬರಿಗೆ ಫೋನು ಮಾಡಿದ. ಬಾಯಿಗೆ ಕರ್ಚೀಫು ಹಿಡಿದಿದ್ದ, ಅದರಲ್ಲಿ ಮಂಡಿಗೆ ಹಚ್ಚುವ ಮುಲಾಮಿನ ಘಾಟು. ತೀರಿಹೋದ ದೊಡ್ಡಪ್ಪನ ನಡುಗುವ ದನಿಯನ್ನು ಅನುಕರಿಸುವುದೆಂದು ಲೆಕ್ಕ ಹಾಕಿದ್ದ. ಆದರೆ ಎರಡು ವಾಕ್ಯ ಆಗುವಷ್ಟರಲ್ಲಿ ದೊಡ್ಡಪ್ಪ ಮರೆತೇಹೋಗಿದ್ದ. ಏನು ಹೇಳಿದೆನೆಂಬುದು ಫೋನು ಇಟ್ಟ ಮೇಲೆ ಅವನಿಗೇ ಸರಿಯಾಗಿ ನೆನಪಿರಲಿಲ್ಲ. ಕಣ್ಣು ಉರಿಯುತ್ತಿತ್ತು. ಮುಲಾಮಿನದೇ ಕೆಲಸ ಎಂದುಕೊಂಡ.

ದೂರು ಯಾವುದೋ ಫೈಲಿನಲ್ಲಿ ಮಲಗುತ್ತದೆ ಎಂದು ಬೇರೆ ಕಚೇರಿಯವನಾಗಿದ್ದರೆ ನಂಬಬಹುದಿತ್ತು. ಇಲ್ಲಿ ಅದು ಮಲಗದಂತೆ ನಿಯಮ ಮಾಡಿದವನು ಅವನೇ. ಹಿಂದೊಮ್ಮೆ ಮಕ್ಕಳ ಆಸ್ಪತ್ರೆಯ ಗೋಡೆಯ ಮೇಲೆ ಹುಡುಗನೊಬ್ಬ ನಗುವ ಮೊಸಳೆ ಬರೆದಿದ್ದ. ಮಕ್ಕಳು ಹೆದರಿ ಒಳಗೇ ಬರುತ್ತಿಲ್ಲವೆಂಬ ದೂರು ಒಂದು ಮೇಜಿನಿಂದ ಇನ್ನೊಂದಕ್ಕೆ ಹೋಗುತ್ತ, ಹೋದಲ್ಲೆಲ್ಲ ಒಂದಿಷ್ಟು ಸಭ್ಯವಾಗುತ್ತ, ಹುಡುಗನ ಕೈ ಸೇರುವಾಗ ಮೆಚ್ಚುಗೆಯಾಗಿತ್ತು. ಆ ಹುಡುಗ ಇನ್ನೊಂದು ಮೊಸಳೆ ಬರೆದ. ಅಂದಿನಿಂದ ನಿಯಮ: ದೂರನ್ನು ಕಲಾವಿದರು ದೂರುದಾರರ ದನಿಯಲ್ಲೇ ಕೇಳಿಸಿಕೊಳ್ಳಬೇಕು, ದೂರುದಾರರು ತಮ್ಮ ಬಾಯಿಂದಲೇ ಕಾರಣ ಹೇಳಿ ಹಿಂತೆಗೆದುಕೊಳ್ಳುವವರೆಗೆ ಆ ಕಲಾವಿದರಿಗೆ ಮುಂದಿನ ಕೆಲಸವಿಲ್ಲ. ಈ ನಿಯಮಕ್ಕಾಗಿ ಅವನಿಗೆ ಹಾರ ಹಾಕಿದ್ದರು. ಹುಡುಗಿಗೆ ಮುಂದಿನ ಕೆಲಸ ಎಂದರೆ ಆ ಬಡಾವಣೆಯ ಎಲ್ಲ ಕಟ್ಟಡಗಳ ಲಿಫ್ಟುಗಳು, ಒಂದು ವರ್ಷದ ಸಂಬಳ. ನಿನ್ನೆ ಕಾರಿಡಾರಿನಲ್ಲಿ ಸಿಕ್ಕಿ, “ಅಂಗಡಿ ಕೆಲಸ ಬಿಟ್ಟುಬಿಟ್ಟೆ ಸರ್, ಎಲ್ಲ ನಿಮ್ಮಿಂದ” ಎಂದಿದ್ದಳು. ದೂರಿನ ಸುದ್ದಿ ಅವಳಿಗೆ ಆಗ ತಿಳಿದಿರಲಿಲ್ಲ.

ವಿಚಾರಣೆಯ ಕೋಣೆಯಲ್ಲಿ ಫ್ಯಾನು ತಿರುಗುತ್ತಿತ್ತು, ಗಾಳಿ ಬರುತ್ತಿರಲಿಲ್ಲ. ಕಚೇರಿಯ ಮುಖ್ಯಸ್ಥೆ ಮೇಡಂ ಮೇಜಿನ ತುದಿಯಲ್ಲಿ ಕೂತು ಕನ್ನಡಕ ಒರೆಸುತ್ತಿದ್ದರು. ಒಂದು ಕಡೆ ಕಾರ್ಯದರ್ಶಿ, ಎದುರಿಗೆ ಹುಡುಗಿ. ಹುಡುಗಿಯ ಪಕ್ಕದಲ್ಲಿ ಅವನು. ಕಲಾವಿದರ ಪರವಾಗಿ ಕೂರುವುದು ಅವನ ಜವಾಬ್ದಾರಿ. ಅವಳ ಮುಖ ಇಸ್ತ್ರಿ ಮಾಡಿದ ಹಾಗೆ ಇತ್ತು. ಅವನು ಅಭ್ಯಾಸದಂತೆ, “ಧೈರ್ಯವಾಗಿರಮ್ಮ, ನಾನಿದ್ದೀನಿ” ಎಂದ. ಹೇಳಿದ ಮೇಲೆ ಆ ಮಾತಿನ ರುಚಿ ನಾಲಗೆಯಲ್ಲಿ ಬಹಳ ಹೊತ್ತು ಉಳಿಯಿತು.

ಮೇಡಂ ದೂರಿನ ಕರೆ ಹಿಡಿದಿಟ್ಟಿದ್ದ ಯಂತ್ರದ ಗುಂಡಿ ಒತ್ತಿದರು.

“ನೋಡಿ... ಆ ಲಿಫ್ಟು, ನಾಲ್ಕನೇ ಮಹಡೀದು. ಅದು ಎಲ್ಲರನ್ನೂ ಬಂದ್ರಾ ಅಂತ ಕೇಳುತ್ತೆ. ಹಾಗೆ ಕೇಳೋಕೆ ಅದಕ್ಕೇನು ಹಕ್ಕಿದೆ. ಒಬ್ಬ ಮನುಷ್ಯ ಇಡೀ ದಿನ ಹೊರಗಡೆ ಇದ್ದು ಮನೆಗೆ ಬರ್ತಾನೆ. ಅವನನ್ನ ಯಾರಾದ್ರೂ ಕೇಳಬೇಕಾದ ಮಾತು ಅದು. ದಾರೀಲೇ ಮೆಷಿನ್ನು ಕೇಳಿಬಿಟ್ರೆ, ಆಮೇಲೆ ಮನೇಲಿ... ಅಷ್ಟೇ. ನಂಗೆ ಬೇರೇನೂ ಹೇಳೋಕಿಲ್ಲ.” ಒಂದು ಕೆಮ್ಮು. “ಅಂದ್ರೆ, ಸಾರ್ವಜನಿಕರ ದೃಷ್ಟಿಯಿಂದ.”

ಅವನಿಗನಿಸಿತು: ಯಾರದೋ ದನಿ ಇದು. ಚಿಕ್ಕದು, ಮೂಲೆಯಲ್ಲಿ ಕೂತು ಮಾತಾಡುವವನದು, ಕಾಲೇಜಿನಲ್ಲಿ ಕಪ್ಪು ಗೆಲ್ಲುವಂಥದ್ದಲ್ಲ. ಇಂಥವನೊಬ್ಬ ತನ್ನೊಳಗೆ ಬಾಡಿಗೆ ಕೊಡದೆ ವಾಸವಾಗಿದ್ದಾನೆಂದು ಇಷ್ಟು ವರ್ಷ ತಿಳಿಯಲೇ ಇಲ್ಲವಲ್ಲ. ಕಾರ್ಯದರ್ಶಿ, “ಪುಕ್ಕಲ” ಎಂದ. ಹುಡುಗಿ ಕಣ್ಣು ಮುಚ್ಚಿ, “ಇನ್ನೊಂದ್ಸಲ ಹಾಕಿ ಮೇಡಂ” ಎಂದಳು. ಎರಡನೇ ಸಲ ಕೆಮ್ಮು ಬಂದಾಗ ಕಣ್ಣು ತೆರೆದು, ಅವನ ಕಡೆಗೆ ಅಲ್ಲ, ಮೇಜಿನ ಮೇಲಿದ್ದ ಅವನ ಕೈಗಳ ಕಡೆಗೆ ನೋಡಿದಳು.

“ಇವರು ಹೇಳೋದು ಸರಿ ಮೇಡಂ” ಎಂದಳು.

“ಸರಿ ಅಂದ್ರೆ?”

“ಆ ಮಾತು ಲಿಫ್ಟಿಗೆ ಅಂತ ಹೇಳಿದ್ದಲ್ಲ. ಅಕ್ಕನ ಹತ್ರ, ಅಂದ್ರೆ ಈ ಸರ್ ಮನೆಯವರ ಹತ್ರ, ಬರೀ ನಾಲ್ಕು ನಾಲ್ಕು ಅಂತ ಹೇಳಿಸ್ತಾನೇ ಇದ್ದೆ. ‘ನಾಲ್ಕು’ ಸಿಕ್ತು, ಆದ್ರೆ ಸಪ್ಪೆ. ಸಾಕು ಅಂತ ವೈರ್ ಸುತ್ತಿಕೊಳ್ತಿದ್ದೆ, ಮೈಕ್ ಆಫ್ ಮಾಡಿರಲಿಲ್ಲ. ಅಷ್ಟರಲ್ಲಿ ಸರ್ ಬಾಗಿಲು ತೆಗೆದು ಒಳಗೆ ಬಂದ್ರು. ಅಕ್ಕ ಬಂದ್ರಾ ಅಂದ್ರು. ಮನೆಗೆ ಹೋಗಿ ಕೇಳಿದಾಗ ಮೈ ಜುಮ್ ಅಂತು. ಇಟ್ಕೊಳ್ಳಲಾ ಅಕ್ಕಾ ಅಂತ ಫೋನ್ ಮಾಡಿದೆ. ಇಟ್ಕೋ, ದಿನಾ ಕೇಳಿದ್ರೂ ಇಲ್ಲಿ ಯಾರಿಗೂ ಉಪಯೋಗಕ್ಕೆ ಬರ್ತಿಲ್ಲ ಅಂದ್ರು.”

ಫ್ಯಾನು ಒಂದು ಸುತ್ತು ತಿರುಗಿತು. ಕಾರ್ಯದರ್ಶಿಗೆ ಲೆಕ್ಕ ಪೂರ್ತಿಯಾಗಬೇಕಿತ್ತು. “ಅದಕ್ಕೆ ಸಾರ್ ಏನಂದ್ರು?”

“ಬಚ್ಚಲಮನೆ ಲೈಟ್ ಯಾಕೆ ಉರೀತಿದೆ ಅಂದ್ರು. ಅದನ್ನ ಕಟ್ ಮಾಡಿದೆ.”

ಅವನಿಗೆ ಆ ಲೈಟು ನೆನಪಿತ್ತು. ಹಳದಿ ಬೆಳಕು, ಬಾಗಿಲ ಸಂದಿಯಿಂದ ನೆಲದ ಮೇಲೆ ಬಿದ್ದ ಪಟ್ಟಿ, ಯಾರೂ ಇಲ್ಲದೆ ಉರಿಯುತ್ತಿದೆಯಲ್ಲ ಎಂಬ ಸಿಟ್ಟು, ಎಲ್ಲ ನೆನಪಿತ್ತು. ಹೆಂಡತಿ ಎಲ್ಲಿ ನಿಂತಿದ್ದಳು, ಕೈಯಲ್ಲಿ ಏನಿತ್ತು, ಅವಳು ಬಾಯಿ ತೆರೆದದ್ದು, ಒಂದೂ ನೆನಪಿಲ್ಲ. ಲಿಫ್ಟು ಊರಿಗೆಲ್ಲ ಹಂಚುತ್ತಿದ್ದದ್ದು ತನ್ನ ಪಾಲು. ತಾನು ಬಾಗಿಲಲ್ಲೇ ಎಡವಿ ದಾಟಿ ಹೋಗಿದ್ದದ್ದು. ನಗು ಬರುತ್ತಿದೆಯೋ ಇನ್ನೇನೋ ಎಂದು ತಿಳಿಯದೆ ಅವನು ನೀರು ಕುಡಿದ. ಮೇಡಂ ಹೇಳುತ್ತಿದ್ದರು, ನಿಯಮ ನಿಯಮವೇ, ದೂರು ಕೊಟ್ಟವರು ಹೆಸರು ಹೇಳಿಲ್ಲ, ಹಿಂತೆಗೆದುಕೊಳ್ಳುವವರು ಯಾರೂ ಇಲ್ಲ, ಆದ್ದರಿಂದ ಉಳಿದ ಕಟ್ಟಡಗಳ ಆದೇಶವನ್ನು ತಡೆಹಿಡಿಯಬೇಕಾಗುತ್ತದೆ, ತನಗೂ ಬೇಸರವೇ. ಹುಡುಗಿ ತಲೆಯಾಡಿಸಿದಳು. ಅವನ ಹೆಸರನ್ನು ಅವಳು ನಾಲಗೆಯ ತುದಿಯಲ್ಲಿಟ್ಟುಕೊಂಡೂ ನುಂಗಿಕೊಳ್ಳುತ್ತಿದ್ದಾಳೆ ಎಂಬುದು ಅವನಿಗೆ ಸ್ಪಷ್ಟವಾಗಿ ಕಂಡಿತು.

“ಆ ದೂರು ಕೊಟ್ಟಿದ್ದು ನಾನು” ಎಂದ ಅವನು.

ಕಪ್ಪು ಗೆದ್ದ ದನಿಯಲ್ಲೇ ಬಂತು ಮಾತು. ಕೊನೆಯ ಸಾಲಿನವರಿಗೂ ಕೇಳಿಸುವ ಹಾಗೆ.

ಮೇಡಂ ಕನ್ನಡಕ ತೆಗೆದರು. ಅವರ ಕಣ್ಣು ಒದ್ದೆಯಾಗಿತ್ತು. “ನೋಡಿ, ಎಳೆಯರ ಮೇಲೆ ನಿಮಗಿರೋ ಪ್ರೀತಿ ನಂಗೆ ಗೊತ್ತು. ಆದ್ರೆ ಅವಳ ಕೆಲಸ ಉಳಿಸೋಕೆ ನೀವು ಸುಳ್ಳು ಹೊತ್ಕೋಬಾರದು.”

“ಸುಳ್ಳಲ್ಲ ಮೇಡಂ. ನಾನೇ. ಸ್ಟೋರ್ ರೂಮಿಂದ.”

“ಸಾರ್, ದೊಡ್ಡ ಮನಸ್ಸು ನಿಮ್ಮದು” ಎಂದು ಕಾರ್ಯದರ್ಶಿ ಎದ್ದು ಬಂದು ಅವನ ತೋಳು ಹಿಡಿದುಕೊಂಡ. “ಆ ಹೇಡಿ ದನಿ ಎಲ್ಲಿ, ನೀವೆಲ್ಲಿ.”

ಜೀವನದಲ್ಲಿ ಇಷ್ಟು ಗೌರವ ಅವನಿಗೆ ಒಟ್ಟಿಗೆ ಸಿಕ್ಕಿರಲಿಲ್ಲ. ಸುಮ್ಮನಿದ್ದುಬಿಟ್ಟರೆ ಸಾಕು, ಈ ಕೋಣೆಯಿಂದ ಮಹಾತ್ಮನಾಗಿ ಹೊರಗೆ ಹೋಗಬಹುದು. ಹುಡುಗಿಯ ಕೆಲಸ ಮಾತ್ರ ಹೋಗಿರುತ್ತದೆ. ಆ ಅರ್ಧ ನಿಮಿಷ ಅವನು ಸುಮ್ಮನಿದ್ದ ಕೂಡ. ಆಮೇಲೆ ಜೇಬಿನಿಂದ ಕರ್ಚೀಫು ತೆಗೆದು, ಬಾಯಿಗೆ ಅಡ್ಡ ಹಿಡಿದು, “ನೋಡಿ, ಆ ಲಿಫ್ಟು” ಎಂದು ಶುರುಮಾಡಿದ. ಕರ್ಚೀಫಿನ ಹಿಂದಿನಿಂದಲೂ ಸಭೆಗೆ ಸ್ವಾಗತ ಕೋರುವವನೇ ಮಾತಾಡಿದ. ದೊಡ್ಡಪ್ಪನನ್ನು ಕರೆದ, ಬರಲಿಲ್ಲ. ದನಿ ಸಣ್ಣ ಮಾಡಿದರೆ ಬೆಕ್ಕಾಯಿತು. ಮೇಡಂ, “ಸಾಕು, ದಯವಿಟ್ಟು” ಎಂದು ಬೇರೆ ಕಡೆ ನೋಡಿದರು. ಅಪರಾಧಿ ಎಂದು ಸಾಬೀತುಪಡಿಸುವ ಯೋಗ್ಯತೆಯೂ ತನಗಿಲ್ಲವಾಯಿತಲ್ಲ ಎಂದು ಅವನು ಕರ್ಚೀಫು ಮಡಚಿದ, ಮತ್ತೆ ಬಿಚ್ಚಿದ, ಮತ್ತೆ ಮಡಚಿದ.

ಹುಡುಗಿ ತನ್ನ ಫೋನು ತೆಗೆದು ಯಾರಿಗೋ ಹಚ್ಚಿ, ಎಲ್ಲರಿಗೂ ಕೇಳುವ ಹಾಗೆ ಮೇಜಿನ ನಡುವೆ ಇಟ್ಟಳು.

“ಹೇಳಮ್ಮಾ” ಎಂದಿತು ಫೋನು. ಹಿಂದೆ ನಲ್ಲಿ ಸುರಿಯುತ್ತಿತ್ತು.

“ಅಕ್ಕಾ, ಸರ್ ಇಲ್ಲೇ ಇದಾರೆ. ಮಾತಾಡಿ.”

“ಏನ್ರೀ? ಯಾಕೆ ಈ ಹೊತ್ತಲ್ಲಿ? ಮಂಡಿನೋವು ಅಂತೀರಿ, ಬೆಳಿಗ್ಗೆ ಮೆಟ್ಟಿಲಲ್ಲಿ ಇಳಿದ್ರಂತೆ, ಐದನೇ ಮಹಡಿ ಅಜ್ಜಿ ಹೇಳಿದ್ರು. ಏನಾಯ್ತು ನಿಮಗೆ?”

ಅವನು ಫೋನಿನ ಕಡೆಗೆ ಬಗ್ಗಿದ. ಕೋಣೆಯಲ್ಲಿ ಜನರಿದ್ದಾರೆಂಬುದು ಮರೆತಿತ್ತು.

“ಏನಿಲ್ಲ...” ಎಂದ. “ಅಷ್ಟೇ. ಹೀಗೇ.” ಅದೇ ಚಿಕ್ಕ ದನಿ, ಅದೇ ಕೆಮ್ಮು.

ಕಾರ್ಯದರ್ಶಿ ಅವನ ತೋಳು ಬಿಟ್ಟ. ಬಿಟ್ಟ ತನ್ನ ಕೈಯನ್ನು ಪ್ಯಾಂಟಿಗೆ ಒರೆಸಿಕೊಂಡು ಮೆಲ್ಲನೆ, “ತೂಕ ಸರಿಹೋಯ್ತು” ಎಂದ. ಮೇಡಂ ಯಾವ ಭಾವವೂ ಇಲ್ಲದ ಮುಖದಲ್ಲಿ ಅವನನ್ನು ನೋಡಿದರು. ಇಷ್ಟು ವರ್ಷ ಒಟ್ಟಿಗೆ ಟೀ ಕುಡಿದವನನ್ನು ಹೊಸದಾಗಿ ಅರ್ಜಿ ಹಿಡಿದು ಬಂದವನ ಹಾಗೆ. ಆಮೇಲೆ ಯಂತ್ರವನ್ನು ಒತ್ತಿ ಅವನ ಮುಂದೆ ಸರಿಸಿದರು.

“ಹಿಂದಕ್ಕೆ ತಗೊಳ್ಳೋದಾದ್ರೆ ಕಾರಣ ಹೇಳಬೇಕು. ದೂರುದಾರರ ಬಾಯಿಂದಲೇ. ನಿಯಮ ಮಾಡಿದವರಿಗೆ ನಾನು ಹೇಳಬೇಕಾಗಿಲ್ಲ.”

“ಯಾವ ದೂರು?” ಎಂದಳು ಹೆಂಡತಿ. “ಯಾರ್ರೀ ಅದು? ಎಷ್ಟು ಜನ ಇದೀರಾ ಅಲ್ಲಿ?”

ಅವನ ಗಂಟಲಿಗೆ ನಿರೂಪಕ ಏರಿ ಬಂದ. ಮಾನ್ಯರೇ ಎಂದು ಶುರುವಾಗುವ, ಎಲ್ಲರನ್ನೂ ಸಮಾಧಾನಪಡಿಸುವ, ಯಾರಿಗೂ ಏನೂ ಹೇಳದ ಒಂದು ಇಡೀ ಪ್ಯಾರಾ ಸಿದ್ಧವಾಗಿತ್ತು. ಹುಡುಗಿ ಕಣ್ಣು ಮುಚ್ಚಿ ಕೇಳಿಸಿಕೊಳ್ಳಲು ಕೂತಿದ್ದಳು. ಅವಳ ಮುಚ್ಚಿದ ರೆಪ್ಪೆ ನೋಡಿ ಅವನು ಆ ಪ್ಯಾರಾವನ್ನು ನುಂಗಿದ. ನುಂಗಿದ ಸದ್ದು ಅವಳಿಗೆ ಕೇಳಿಸಿರಬೇಕು.

“ಅದು... ಅವತ್ತು ನೀನು ಬಂದ್ರಾ ಅಂತ ಕೇಳಿದ್ಯಂತೆ” ಎಂದ ಫೋನಿಗೆ. “ನಂಗೆ ಕೇಳಿಸಲಿಲ್ಲ ಕಣೇ.”

ಮೇಡಂ ಯಂತ್ರ ನಿಲ್ಲಿಸಿದರು. ಸಾಕಿದು ಎನ್ನುವಂತೆ ತಡೆಹಿಡಿದಿದ್ದ ಆದೇಶವನ್ನು ಎಳೆದುಕೊಂಡು ಸಹಿ ಹಾಕಿ, ಹುಡುಗಿಯ ಕಡೆಗೆ ತಳ್ಳಿದರು. ಹುಡುಗಿ ಅದನ್ನು ಮುಟ್ಟಲಿಲ್ಲ, ಇನ್ನೂ ಕೇಳಿಸಿಕೊಳ್ಳುತ್ತಿದ್ದಳು. ಫೋನಿನಲ್ಲಿ ನಲ್ಲಿ ನಿಂತಿತು.

“ಯಾವತ್ತು?” ಎಂದು ಕೇಳಿದಳು ಹೆಂಡತಿ.